ಆಸ್ತಿ ಹಾನಿಯ ಆರೋಪ ಬಂದರೆ ಮೊದಲು ಸೆಕ್ಷನ್ ನೋಡಿ

ಬದುವಿನ ಮೇಲಿದ್ದ ಕಲ್ಲುಕಂಬ ಕಿತ್ತೆಸೆದರು ಎಂದು ಪಕ್ಕದ ಹೊಲದವರು ದೂರು ಕೊಡುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಜಗಳ ನಡೆದ ಮರುದಿನ ಕಾರಿನ ಮೇಲೆ ಗೀರು ಕಾಣಿಸಿ, ಜಗಳವಾಡಿದವರ ಮೇಲೇ ಗುಮಾನಿ ಬೀಳುತ್ತದೆ. ಬಂದ್ ದಿನ ಸಾರಿಗೆ ಬಸ್ಸಿನ ಗಾಜು ಒಡೆದಾಗ ಅಲ್ಲೇ ನಿಂತಿದ್ದ ಹುಡುಗನ ಹೆಸರೂ ಎಫ್‌ಐಆರ್ ಸೇರುತ್ತದೆ. ಠಾಣೆಯಿಂದ ಬರುವ ಕರೆ ಮೂವರಿಗೂ ಒಂದೇ ಬಗೆಯದು. ಆದರೆ ಕಾನೂನು ಈ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಒಂದರಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ, ಇನ್ನೊಂದರಲ್ಲಿ ಜಾಮೀನಿಗೇ ಪರದಾಡಬೇಕಾಗುತ್ತದೆ. ಈ ವ್ಯತ್ಯಾಸ ತಿಳಿಯದ ಜನ ಗಾಬರಿಯಲ್ಲಿ ಠಾಣೆಯಲ್ಲೇ ತಪ್ಪಾಯಿತೆಂದು ಬರೆದುಕೊಡುತ್ತಾರೆ, ಇಲ್ಲವೇ ಫೋನ್ ಆಫ್ ಮಾಡಿ ನೆಂಟರ ಊರಿಗೆ ಹೋಗಿ ಕೂರುತ್ತಾರೆ. ಎರಡೂ ಕೇಸನ್ನು ಕೆಡಿಸುತ್ತವೆ.

ಎಫ್‌ಐಆರ್ ಪ್ರತಿ, ಅದರೊಳಗಿನ ಸೆಕ್ಷನ್

ಮೊದಲ ಕೆಲಸ ದೂರಿನ ಪ್ರತಿ ಪಡೆಯುವುದು. 2016ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ, ಸೂಕ್ಷ್ಮ ಸ್ವರೂಪದ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣಕ್ಕೆ ಹಾಕಬೇಕು. ಅಲ್ಲಿ ಸಿಗದಿದ್ದರೆ ಸಂಬಂಧಪಟ್ಟ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ವಕೀಲರ ಮೂಲಕ ದೃಢೀಕೃತ ಪ್ರತಿ ಪಡೆಯಬಹುದು.

ಘಟನೆ 2024ರ ಜುಲೈ 1ಕ್ಕಿಂತ ಮೊದಲು ನಡೆದಿದ್ದರೆ ಹಳೆಯ ಐಪಿಸಿಯ 426, 427ನೇ ಸೆಕ್ಷನ್‌ಗಳು ಅನ್ವಯಿಸುತ್ತವೆ. ಆ ದಿನದಿಂದೀಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್. ಇದರಲ್ಲಿ ನಷ್ಟದ ಮೊತ್ತವೇ ಶಿಕ್ಷೆಯ ಅಳತೆಗೋಲು. ಸಾಮಾನ್ಯ ಹಾನಿಗೆ ಗರಿಷ್ಠ 6 ತಿಂಗಳ ಸಜೆ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ತಿಯಾದರೆ 1 ವರ್ಷ. ನಷ್ಟ 20 ಸಾವಿರ ರೂಪಾಯಿ ಮುಟ್ಟಿ 1 ಲಕ್ಷದೊಳಗಿದ್ದರೆ 2 ವರ್ಷ, 1 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟರೆ 5 ವರ್ಷ. ಈ ನಾಲ್ಕರಲ್ಲೂ ಸಜೆಯ ಬದಲು ದಂಡವನ್ನಷ್ಟೇ ವಿಧಿಸುವ ಅವಕಾಶ ನ್ಯಾಯಾಧೀಶರಿಗಿದೆ, ನಾಲ್ಕೂ ಜಾಮೀನು ಸಿಗುವಂಥವು. ಲಕ್ಷದೊಳಗಿನ ನಷ್ಟದ ಪ್ರಕರಣಗಳು ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಲಕ್ಷ ಮುಟ್ಟಿದರೆ ಸಂಜ್ಞೇಯ.

ಹಾಗಿರುವಾಗ 95 ಸಾವಿರದ ನಷ್ಟವನ್ನು ದೂರಿನಲ್ಲಿ 1 ಲಕ್ಷದ 5 ಸಾವಿರ ಎಂದು ಬರೆಸಿದರೆ ಕೇಸಿನ ಜಾತಕವೇ ಬದಲಾಗುತ್ತದೆ. ದೂರುಗಳಲ್ಲಿ ಲುಕ್ಸಾನಿನ ಮೊತ್ತ ಉಬ್ಬಲು ಇದೂ ಒಂದು ಕಾರಣ. ಇನ್ನೊಂದು ದಾರಿಯೂ ಇದೆ. ಎಫ್‌ಐಆರ್‌ನಲ್ಲಿ ಒಂದೇ ಒಂದು ಸಂಜ್ಞೇಯ ಅಪರಾಧ ಸೇರಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸಲಾಗುತ್ತದೆ. ಬೇಲಿ ಕಿತ್ತ ದೂರಿಗೆ 329ನೇ ಸೆಕ್ಷನ್ನಿನ ಅತಿಕ್ರಮ ಪ್ರವೇಶವನ್ನು ಜೋಡಿಸುವುದು ಇದಕ್ಕೇ. ನೀವು ನಿಂತಿದ್ದು ನಿಮ್ಮದೇ ಜಮೀನಿನಲ್ಲಿ ಎಂದಾದರೆ ವಕೀಲರು ಮೊದಲು ಕೆಡವಬೇಕಾದದ್ದು ಆ ಜೋಡಣೆಯನ್ನು.

ಬರೀ ಅಸಂಜ್ಞೇಯ ಅಪರಾಧವೇ ಇದ್ದಾಗ ತನಿಖೆಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್. ಪೊಲೀಸರ ಕೋರಿಕೆ ಪತ್ರದ ಮೇಲೆ 'ಅನುಮತಿಸಿದೆ' ಎಂದು ಒಂದೇ ಪದ ಬರೆದರೆ ಸಾಲದು, ಮನಸ್ಸಿಟ್ಟು ಪರಿಶೀಲಿಸಿದ್ದು ಆದೇಶದಲ್ಲಿ ಕಾಣಬೇಕು ಎಂದು ಕರ್ನಾಟಕ ಹೈಕೋರ್ಟ್ ಹಲವು ಬಾರಿ ಹೇಳಿದೆ, ಅಂಥ ಪ್ರಕರಣಗಳನ್ನು ರದ್ದುಪಡಿಸಿದೆ. ಆ ಆದೇಶದ ಪ್ರತಿ ತೆಗೆಸಿ ನೋಡದೆ ಮುಂದಕ್ಕೆ ಹೋಗಬೇಡಿ.

ಸಾರ್ವಜನಿಕ ಆಸ್ತಿಯಾದರೆ ಲೆಕ್ಕವೇ ಬೇರೆ

ಬಸ್ಸು, ವಿದ್ಯುತ್ ಪರಿವರ್ತಕ, ಕುಡಿಯುವ ನೀರಿನ ಘಟಕ, ಸರ್ಕಾರಿ ಕಚೇರಿಗಳಿಗೆ ಹಾನಿಯಾದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಬಂದು ಕೂರುತ್ತದೆ. ಇಲ್ಲಿ ನಷ್ಟ ಎಷ್ಟೆಂಬ ಮಿತಿಯಿಲ್ಲ. 5 ವರ್ಷದವರೆಗೆ ಸಜೆ ಮತ್ತು ದಂಡ. ನೀರು, ವಿದ್ಯುತ್, ಸಾರ್ವಜನಿಕ ಸಾರಿಗೆ, ದೂರಸಂಪರ್ಕದಂಥವುಗಳಿಗೆ ಸಂಬಂಧಿಸಿದ್ದಾದರೆ ಕನಿಷ್ಠ 6 ತಿಂಗಳು, ಅದಕ್ಕಿಂತ ಕಡಿಮೆ ಮಾಡಲು ನ್ಯಾಯಾಲಯ ಕಾರಣ ಬರೆಯಬೇಕು. ಬೆಂಕಿ ಅಥವಾ ಸ್ಫೋಟಕ ಬಳಸಿದ್ದರೆ 1ರಿಂದ 10 ವರ್ಷ. ಅಪರಾಧ ಜಾಮೀನುರಹಿತ. ಜಾಮೀನು ಸಿಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಸರ್ಕಾರಿ ವಕೀಲರ ಆಕ್ಷೇಪಣೆಗೆ ಅವಕಾಶ ಕೊಟ್ಟ ನಂತರವೇ ನ್ಯಾಯಾಲಯ ತೀರ್ಮಾನಿಸಬೇಕು, ಅಷ್ಟೆ. ಬಂಧನದ ಭೀತಿಯಿದ್ದರೆ ಸುರಕ್ಷಾ ಸಂಹಿತೆಯ 482ನೇ ಸೆಕ್ಷನ್ನಿನಡಿ ಸೆಷನ್ಸ್ ನ್ಯಾಯಾಲಯಕ್ಕೆ ನಿರೀಕ್ಷಣಾ ಜಾಮೀನು ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಇದರ ಜೊತೆಗೆ ರಾಜ್ಯದ್ದೇ ಆದ 1981ರ ಆಸ್ತಿ ನಾಶ ಮತ್ತು ನಷ್ಟ ತಡೆ ಕಾಯ್ದೆಯನ್ನೂ ಪೊಲೀಸರು ಸೇರಿಸುವುದುಂಟು.

ಇಂಥ ಕೇಸಿನಲ್ಲಿ ಹಾನಿಯಾದದ್ದು ಕಾಯ್ದೆ ಹೇಳುವ ಸಾರ್ವಜನಿಕ ಆಸ್ತಿಯೇ ಎಂದು ಮೊದಲು ಕೇಳಬೇಕು. ಸರ್ಕಾರ, ಸ್ಥಳೀಯ ಸಂಸ್ಥೆ, ಕಾನೂನಿನ ಮೂಲಕ ಸ್ಥಾಪನೆಯಾದ ನಿಗಮ, ಸರ್ಕಾರಿ ಕಂಪನಿ, ಅಧಿಸೂಚಿತ ಸಂಸ್ಥೆಗಳ ಸ್ವತ್ತು ಮಾತ್ರ ಆ ವ್ಯಾಖ್ಯೆಯೊಳಗೆ ಬರುತ್ತದೆ. ಖಾಸಗಿ ಬಸ್ಸಿನ ಗಾಜು ಬೀದಿಯಲ್ಲಿ ಒಡೆದ ಮಾತ್ರಕ್ಕೆ ಅದು ಸಾರ್ವಜನಿಕ ಆಸ್ತಿಯಾಗದು.

ಠಾಣೆಗೆ ಹೋಗುವಾಗ

7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಬಂಧನದ ಅಗತ್ಯವಿಲ್ಲದಿದ್ದರೆ ಸುರಕ್ಷಾ ಸಂಹಿತೆಯ 35(3)ನೇ ಸೆಕ್ಷನ್ನಿನಡಿ ಹಾಜರಾಗಲು ನೋಟಿಸ್ ಕೊಡಬೇಕು. ಅದನ್ನು ಪಾಲಿಸಿದವರನ್ನು ಬಂಧಿಸಬೇಕಾದರೆ ಕಾರಣ ದಾಖಲಿಸಬೇಕು. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಬಂದ ಸಂದೇಶವನ್ನು ಕಡೆಗಣಿಸಬೇಡಿ. ವಕೀಲರೊಡನೆ ಹೋಗಿ, ಲಿಖಿತ ನೋಟಿಸ್ ಕೇಳಿ, ಹಾಜರಾದದ್ದಕ್ಕೆ ಸ್ವೀಕೃತಿ ಪಡೆಯಿರಿ.

ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತರಿಗಿದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ, ಅದು ಸಂವಿಧಾನದ 20(3)ನೇ ವಿಧಿ ಕೊಟ್ಟ ರಕ್ಷಣೆ. ತನಿಖಾಧಿಕಾರಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕುವ ಅಗತ್ಯವಿಲ್ಲ, ಖಾಲಿ ಹಾಳೆಗಂತೂ ಹಾಕಲೇಬಾರದು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲದು. ಆದರೆ ದೂರುದಾರರಿಗೆ ನೀವು ಕಳಿಸಿದ 'ಕೋಪದಲ್ಲಿ ಹಾಗಾಯ್ತು ಸರ್, ದುಡ್ಡು ಕೊಡ್ತೀನಿ' ಎಂಬ ಸಂದೇಶ ಸಾಕ್ಷ್ಯವಾಗಬಹುದು. ಫೋನ್ ಸಂಭಾಷಣೆಯ ಧ್ವನಿಮುದ್ರಣವೂ ಅಷ್ಟೆ. ಊರಿನ ಹಿರಿಯರು ಕೂರಿಸಿ ಬರೆಸಿಕೊಳ್ಳುವ ಮುಚ್ಚಳಿಕೆಯಲ್ಲಿ 'ನಾನೇ ಮಾಡಿದ್ದು' ಎಂಬ ಸಾಲಿದ್ದರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ. ಶಾಂತಿಗಾಗಿ ಹಣ ಕೊಡುವುದೇ ಆದರೆ, ಇದು ತಪ್ಪೊಪ್ಪಿಗೆಯಲ್ಲ ಎಂದು ಬರೆದೇ ಕೊಡಿ.

ನಿಮ್ಮ ಪರವಾದ ಸಾಕ್ಷ್ಯ ಬೇಗ ಅಳಿಸಿಹೋಗುತ್ತದೆ

ಅಂಗಡಿ, ಅಪಾರ್ಟ್‌ಮೆಂಟುಗಳ ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯ ಕೂರುತ್ತದೆ. ಇಂಥ ದಿನ, ಇಂಥ ಹೊತ್ತಿನ ದೃಶ್ಯ ಉಳಿಸಿಡಿ ಎಂದು ಸಂಘದ ಕಾರ್ಯದರ್ಶಿಗೋ ಅಂಗಡಿ ಮಾಲೀಕರಿಗೋ ಅಂದೇ ಪತ್ರ ಕೊಟ್ಟು, ಪ್ರತಿಗೆ ಸಹಿ ಪಡೆಯಿರಿ. ಘಟನಾ ಸ್ಥಳದ ಫೋಟೊ ತೆಗೆಯಿರಿ. ಅಲ್ಲಿರಲಿಲ್ಲ ಎಂಬುದೇ ನಿಮ್ಮ ವಾದವಾದರೆ ಬಸ್ ಟಿಕೆಟ್, ಟೋಲ್ ರಸೀದಿ, ಕೆಲಸದ ಹಾಜರಾತಿ, ಯುಪಿಐ ಪಾವತಿಯ ಸಮಯ ಎಲ್ಲವನ್ನೂ ಒಂದೆಡೆ ಕೂಡಿಡಿ. ಫೋನಿನಲ್ಲಿರುವುದನ್ನು ಅಳಿಸಬೇಡಿ, ಸಾಕ್ಷ್ಯನಾಶ ಪ್ರತ್ಯೇಕ ಅಪರಾಧ.

ಎದುರಿನವರ ವಿಡಿಯೋಗೂ ನಿಯಮವಿದೆ. ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಹೇಳುವ ಪ್ರಮಾಣಪತ್ರವಿಲ್ಲದ ಡಿಜಿಟಲ್ ನಕಲನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಯಾರಿಂದ ಯಾರಿಗೆ ಬಂತೆಂದು ಗೊತ್ತಿಲ್ಲದ ವಾಟ್ಸ್‌ಆ್ಯಪ್ ತುಣುಕಿನ ವಿಚಾರದಲ್ಲಿ ಈ ಆಕ್ಷೇಪಣೆಯನ್ನು ದಾಖಲೆ ಗುರುತಿಸುವ ಹಂತದಲ್ಲೇ ಎತ್ತಬೇಕು.

ಯಾವ ವಾದ ನಿಲ್ಲುತ್ತದೆ?

ಹಾನಿ ಆಗಿದೆ ಎಂದಷ್ಟೇ ತೋರಿಸಿದರೆ ಪ್ರಾಸಿಕ್ಯೂಷನ್ನಿನ ಕೆಲಸ ಮುಗಿಯದು. ಆರೋಪಿಗೆ ನಷ್ಟ ಮಾಡುವ ಉದ್ದೇಶವಿತ್ತು ಅಥವಾ ನಷ್ಟವಾದೀತೆಂಬ ಅರಿವಿತ್ತು ಎಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕು. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಕಾಂಪೌಂಡ್ ಬಿದ್ದರೆ ಅದು ಅಜಾಗರೂಕತೆ ಇರಬಹುದು, ಪರಿಹಾರ ಕೊಡಬೇಕಾಗಿಯೂ ಬರಬಹುದು, ಆದರೆ 324ನೇ ಸೆಕ್ಷನ್ನಿನ ಅಪರಾಧವಲ್ಲ. ಹೆಚ್ಚಿನ ಕೇಡನ್ನು ತಪ್ಪಿಸಲು ಸದ್ಭಾವದಿಂದ ಮಾಡಿದ ಸಣ್ಣ ಹಾನಿಗೂ ರಕ್ಷಣೆಯಿದೆ. ಬೆಂಕಿ ಹರಡದಂತೆ ನಡುವಿನ ಮನೆ ಕೆಡವಿದವನನ್ನು ನ್ಯಾಯ ಸಂಹಿತೆಯ 19ನೇ ಸೆಕ್ಷನ್ ತನ್ನ ಉದಾಹರಣೆಯಲ್ಲೇ ಹೆಸರಿಸಿದೆ.

ನಮ್ಮ ಹಳ್ಳಿಗಳಲ್ಲಿ ಇಂಥ ದೂರಿನ ಹಿಂದೆ ಹೆಚ್ಚಾಗಿ ಇರುವುದು ಗಡಿ ತಕರಾರು. ಬದು ಒತ್ತುವರಿ, ಬಂಡಿದಾರಿ, ಅಣ್ಣತಮ್ಮಂದಿರ ಪಾಲು. ಸಿವಿಲ್ ನ್ಯಾಯಾಲಯದಲ್ಲಿ ತೀರಬೇಕಾದ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿದು ಎದುರಿನವರನ್ನು ಮಣಿಸುವ ಪ್ರಯತ್ನ ಇದು, ನ್ಯಾಯಾಲಯಗಳಿಗೂ ಇದು ಗೊತ್ತು. ಇಲ್ಲಿ ಗಟ್ಟಿ ವಾದವೆಂದರೆ ಪ್ರಾಮಾಣಿಕ ಹಕ್ಕಿನ ವಾದ: ಜಾಗ ನನ್ನದೆಂದು ನಂಬಲು ನನಗೆ ಆಧಾರವಿತ್ತು, ಆ ನಂಬಿಕೆಯಲ್ಲಿ ಬೇಲಿ ತೆಗೆದೆ, ಯಾರಿಗೂ ಅನ್ಯಾಯದ ನಷ್ಟ ಮಾಡುವುದು ಉದ್ದೇಶವಾಗಿರಲಿಲ್ಲ. ಇದು ಬಾಯಿಮಾತಿನಲ್ಲಿ ನಿಲ್ಲದು. ಪಹಣಿ, ಮ್ಯುಟೇಷನ್, ಆಕಾರಬಂದ್, ಟಿಪ್ಪಣಿ, ನೋಂದಾಯಿತ ವಿಭಾಗ ಪತ್ರ ಬೇಕು. ಎಲ್ಲಕ್ಕಿಂತ ಮುಖ್ಯ ಸರ್ವೆ ಇಲಾಖೆಯ ಹದ್ದುಬಸ್ತು ನಕ್ಷೆ. ಘಟನೆಗೆ ಮೊದಲೇ ಹದ್ದುಬಸ್ತು ಮಾಡಿಸಿದ್ದವರ ಮಾತಿಗೆ ತೂಕ ಹೆಚ್ಚು. ಈಗಲೂ ಅರ್ಜಿ ಹಾಕಬಹುದು. ಆದರೆ ನಿಮ್ಮ ವಿರುದ್ಧ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಇರುವಾಗ ಕಂಬ ಕಿತ್ತಿದ್ದರೆ ಈ ವಾದ ಸೊರಗುತ್ತದೆ. ಜಂಟಿ ಆಸ್ತಿಯಲ್ಲಿ ನನಗೂ ಪಾಲಿದೆ ಎಂಬುದೊಂದೇ ಪಾರು ಮಾಡದು, ಸ್ವಂತದ ಅಥವಾ ಜಂಟಿ ಸ್ವತ್ತಿಗೆ ಮಾಡಿದ ಹಾನಿಯೂ ಅಪರಾಧವಾಗಬಹುದೆಂದು ಕಾನೂನೇ ಹೇಳಿದೆ.

ನಷ್ಟದ ಮೊತ್ತವನ್ನು ಪಾಟೀ ಸವಾಲಿನಲ್ಲಿ ಪ್ರಶ್ನಿಸದೆ ಬಿಡುವುದು ದೊಡ್ಡ ಲೋಪ. ಅಂದಾಜು ಮಾಡಿದವರು ಯಾರು, ಸ್ಥಳಕ್ಕೆ ಬಂದಿದ್ದರೇ, ಹದಿನೈದು ವರ್ಷದ ಹಳೆ ಗೋಡೆಗೆ ಹೊಸ ಗೋಡೆಯ ದರ ಹಾಕಿದ್ದಾರೆಯೇ, ರಿಪೇರಿ ಬಿಲ್ ಇದೆಯೇ, ಸ್ಥಳ ಮಹಜರಿನಲ್ಲಿ ಬರೆದ ಹಾನಿಗೂ ಬಿಲ್ಲಿಗೂ ತಾಳೆಯಾಗುತ್ತದೆಯೇ ಎಂದು ಕೇಳಲೇಬೇಕು.

ಗುಂಪಿನ ಪ್ರಕರಣದಲ್ಲಿ ಗುರುತೇ ಪ್ರಶ್ನೆ. ಆರೋಪಿಗಳ ದೊಡ್ಡ ಪಟ್ಟಿಯಿರುವಾಗ ಪ್ರತಿಯೊಬ್ಬರ ಬಗ್ಗೆಯೂ ಎರಡು ಮೂರು ಸಾಕ್ಷಿಗಳಾದರೂ ಒಂದೇ ರೀತಿ ಹೇಳಬೇಕೆಂಬ ಎಚ್ಚರಿಕೆಯನ್ನು ಸುಪ್ರೀಂ ಕೋರ್ಟ್ 1964ರ ಮಸಾಲ್ತಿ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪು ಅಕ್ರಮ ಕೂಟದ ಸದಸ್ಯನಾಗಿದ್ದರೆ ಸ್ವತಃ ಕಲ್ಲೆಸೆಯದವನೂ ಹೊಣೆಯಾಗಬಹುದು ಎನ್ನುತ್ತದೆ. ಆದ್ದರಿಂದ ದಾರಿಹೋಕರಾಗಿದ್ದವರು ಅಲ್ಲಿಗೆ ಯಾಕೆ ಹೋಗಿದ್ದರೆಂಬುದಕ್ಕೆ ಆಧಾರ ಕೊಡಬೇಕು. ಸಜೆಯ ಹೊರತಾಗಿ ಹಣದ ಹೊಣೆಯೂ ಇದೆ. 2009ರ ಸುಪ್ರೀಂ ಕೋರ್ಟ್ ಮಾರ್ಗಸೂಚಿಯಂತೆ ನಷ್ಟ ವಸೂಲಿಗೆ ಕ್ಲೇಮ್ಸ್ ಕಮಿಷನರ್ ನೇಮಿಸಬಹುದು. ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರಂದು ನಡೆದ ಹಿಂಸಾಚಾರದ ನಂತರ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಹೀಗೆ ನೇಮಿಸಲಾಗಿತ್ತು.

ಗೋಡೆ ಬರಹ, ಸ್ಮಾರಕ, ಮಕ್ಕಳು

ಗೋಡೆಗೆ ಪೋಸ್ಟರ್ ಅಂಟಿಸುವುದು, ಬಣ್ಣ ಬಳಿಯುವುದು ರಾಜ್ಯದ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಬರುತ್ತದೆ. ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಕೆತ್ತಿದರೂ ಸಾಕು, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ ಅಥವಾ ಎರಡೂ. 2019ರಲ್ಲಿ ಹಂಪಿಯ ವಿಷ್ಣು ದೇಗುಲದ ಕಂಬ ಉರುಳಿಸಿದ ವಿಡಿಯೋ ಹರಿದಾಡಿ ನಾಲ್ವರು ಯುವಕರ ಬಂಧನವಾಯಿತು. ಹೊಸಪೇಟೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿ, ಕಂಬವನ್ನು ಮತ್ತೆ ನಿಲ್ಲಿಸಲು ಹೇಳಿತು. ಅವರ ಮೇಲಿನ ಬಲವಾದ ಸಾಕ್ಷ್ಯ ಆ ವಿಡಿಯೋವೇ.

18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಅವರ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ. ಮಗನನ್ನು ಠಾಣೆಗೆ ಕರೆದರೆ ಶಾಲೆಯ ದಾಖಲಾತಿ ಅಥವಾ ಜನನ ಪ್ರಮಾಣಪತ್ರ ಹಿಡಿದುಕೊಂಡೇ ಹೋಗಿ.

ರಾಜಿ ಎಲ್ಲಿ ಸಾಧ್ಯ?

ನಷ್ಟ ಖಾಸಗಿ ವ್ಯಕ್ತಿಗೆ ಮಾತ್ರ ಆಗಿದ್ದು ಮೊತ್ತ ಲಕ್ಷದೊಳಗಿದ್ದರೆ ದೂರುದಾರರು ಒಪ್ಪಿ ನ್ಯಾಯಾಲಯದಲ್ಲಿ ರಾಜಿಯಾಗಬಹುದು, ಅದು ಖುಲಾಸೆಗೆ ಸಮ. ಲೋಕ ಅದಾಲತ್ ಇದಕ್ಕೆ ಒಳ್ಳೆಯ ವೇದಿಕೆ. ಅದಕ್ಕಿಂತ ದೊಡ್ಡ ಮೊತ್ತದ ಖಾಸಗಿ ಪ್ರಕರಣದಲ್ಲಿ ರಾಜಿಯಾದರೆ ರದ್ದತಿಗೆ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ನಿನಡಿ ಹೈಕೋರ್ಟಿಗೆ ಹೋಗಬೇಕು. ಸಾರ್ವಜನಿಕ ಆಸ್ತಿಯ ಕೇಸಿಗೆ ರಾಜಿಯಿಲ್ಲ. ಸಣ್ಣ ದಂಡ ಕಟ್ಟಿ ಮುಗಿಸೋಣ ಎಂದು ತಪ್ಪೊಪ್ಪಿಕೊಳ್ಳುವ ಮುನ್ನ ಯೋಚಿಸಿ, ದಂಡವೂ ಶಿಕ್ಷೆಯೇ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಅದನ್ನು ತೋರಿಸಬೇಕಾಗುತ್ತದೆ. ತಪ್ಪು ನಡೆದದ್ದು ನಿಜವಾಗಿದ್ದು ಮೊದಲ ಬಾರಿಯದಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸಜೆಯ ಬದಲು ಸನ್ನಡತೆಯ ಬಾಂಡಿನ ಮೇಲೆ ಬಿಡುಗಡೆ ಕೇಳಬಹುದು.

ಹಳೆಯ ದೂರಾದರೆ ದಿನಾಂಕ ಎಣಿಸಿ. 1 ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ 1 ವರ್ಷದೊಳಗೆ, 3 ವರ್ಷದವರೆಗಿನದನ್ನು 3 ವರ್ಷದೊಳಗೆ ಪರಿಗಣನೆಗೆ ತೆಗೆದುಕೊಳ್ಳಬೇಕು. ವಿಳಂಬವನ್ನು ಮನ್ನಿಸಲು ತಕ್ಕ ಕಾರಣ ಬೇಕು.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನೆ ಕೂರಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು, ಆದಾಯ ಕಡಿಮೆಯಿರುವವರು ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಸಮನ್ಸ್‌ನಲ್ಲಿರುವ ದಿನಾಂಕಕ್ಕೆ ತಪ್ಪದೆ ಹಾಜರಾಗಿ. ಗೈರಾದರೆ ಜಾಮೀನು ಸಿಗುವ ಸಣ್ಣ ಕೇಸಿನಲ್ಲೂ ಜಾಮೀನುರಹಿತ ವಾರಂಟ್ ಹೊರಡಬಹುದು.