ಕೃಪೆ ದೊರೆತ ಮೇಲೆಯೂ ಹೋರಾಟವೇಕೆ?

ಪಾಠಭಾಗ: ರೋಮಾಪುರದವರಿಗೆ ೭:೧೪ರಿಂದ ೮:೪ರ ವರೆಗೆ. ಇದರೊಡನೆ ಗಲಾತ್ಯದವರಿಗೆ ೨:೧೧–೧೪ನ್ನೂ ಓದಿರಿ.



ಕರ್ತನ ರಾತ್ರಿಭೋಜನದ ಆದಿತ್ಯವಾರ ಬಂದಾಗ ನಮ್ಮ ಗ್ರಾಮಸಭೆಗಳಲ್ಲಿ ಕೆಲವರು ಆರಾಧನೆಗೆ ಬಂದರೂ ಮೇಜಿನ ಬಳಿಗೆ ಬಾರದೆ ಹಿಂದೆಯೇ ಕುಳಿತುಬಿಡುವದುಂಟು. ಕಾರಣವನ್ನು ವಿಚಾರಿಸಿದರೆ, "ದೀಕ್ಷಾಸ್ನಾನ ಹೊಂದಿ ಇಷ್ಟು ವರುಷಗಳಾದವು. ಆದರೂ ಕೋಪವು ಬಿಡಲಿಲ್ಲ, ನಾಲಿಗೆಯು ಹಿಡಿತಕ್ಕೆ ಬರಲಿಲ್ಲ, ಬಿಟ್ಟ ಕುಡಿತವು ಸಂತೆಯ ದಿನ ತಿರಿಗಿ ಕರೆಯುತ್ತದೆ. ಇಂಥ ನಮಗೆ ಕೃಪೆಯು ದೊರೆತಿದೆಯೆಂದು ಹೇಗೆ ನಂಬೋಣ?" ಎನ್ನುತ್ತಾರೆ. ಬೇರೆ ಕೆಲವರಾದರೋ ಅದೇ ಬಲಹೀನತೆಯನ್ನು ನೆವಮಾಡಿಕೊಂಡು, "ಶರೀರದಲ್ಲಿರುವ ತನಕ ಪಾಪವು ಹೋಗದು; ದೇವರು ಕ್ಷಮಿಸುವವನಲ್ಲವೇ" ಎಂದು ನಿಶ್ಚಿಂತೆಯಿಂದಿದ್ದಾರೆ. ಮೊದಲಿನವರು ಕೃಪೆಯನ್ನು ಅಲ್ಪವೆಂದೆಣಿಸುತ್ತಾರೆ. ಎರಡನೆಯವರು ಪಾಪವನ್ನು ಅಲ್ಪವೆಂದೆಣಿಸುತ್ತಾರೆ. ಈ ಇಬ್ಬರಿಗೂ ದೇವರ ವಾಕ್ಯವು ಕೊಡುವ ಉತ್ತರವನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಕ್ರಯಪತ್ರವೂ ಕಳೆಯೂ

ಒಬ್ಬ ರೈತನು ಬಹುಕಾಲದಿಂದ ಬೀಳುಬಿದ್ದ ಹೊಲವನ್ನು ಕೊಂಡುಕೊಳ್ಳುತ್ತಾನೆಂದು ಭಾವಿಸಿರಿ. ಹಣವು ಸಲ್ಲಿ ಕ್ರಯಪತ್ರವು ರಿಜಿಸ್ಟರಾದ ದಿನವೇ ಹೊಲವು ಅವನದು. ಆದರೆ ಆ ದಿನ ಅವನು ಹೋಗಿ ನೋಡಿದರೆ ಅಲ್ಲಿ ನಿನ್ನೆ ಇದ್ದ ಜೇಕೂ ಗರಿಕೆಯೂ ಇಂದೂ ಇವೆ. ಜೇಕಿನ ಹುಲ್ಲನ್ನು ಕಿತ್ತರೂ ಮಣ್ಣಿನೊಳಗಣ ಗಡ್ಡೆಯು ಉಳಿದು ಮಳೆ ಬಿದ್ದೊಡನೆ ತಿರಿಗಿ ಚಿಗುರುವದೆಂದು ಬೇಸಾಯ ಮಾಡುವ ನಮಗೆಲ್ಲಾ ಗೊತ್ತಿದೆ. ಕಳೆಯಿರುವ ಕಾರಣದಿಂದ ಹೊಲವು ಹಳೆಯ ಯಜಮಾನನದಾಗುವದೋ? ಇಲ್ಲ. ಕಳೆಯನ್ನು ತೆಗೆದು ಮುಗಿಸಿದ ಮೇಲೆಯೇ ಅದು ಇವನದಾಗುವದೋ? ಅದೂ ಇಲ್ಲ. ಹೊಲವು ತನ್ನದಾದದ್ದರಿಂದಲೇ ಅವನು ವರುಷ ವರುಷವೂ ಉತ್ತು ಕಳೆಯನ್ನು ತೆಗೆಯುತ್ತಾನೆ. ಪರರ ಹೊಲದ ಕಳೆಗಾಗಿ ಯಾರೂ ಬೆವರು ಸುರಿಸುವದಿಲ್ಲ.

ನಾವೂ ಹೀಗೆಯೇ ಕ್ರಯಕ್ಕೆ ಕೊಳ್ಳಲ್ಪಟ್ಟವರೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದನು (೧ ಕೊರಿಂಥ ೬:೨೦). ಆ ಕ್ರಯವು ಕ್ರಿಸ್ತನ ರಕ್ತವೇ. ನಂಬಿದ ಗಳಿಗೆಯಲ್ಲಿ ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುವದು ಕ್ರಯಪತ್ರದಂತೆ ಒಂದೇ ಸಾರಿ ಆಗುವ ಕಾರ್ಯ. ಅದರಲ್ಲಿ ನಮ್ಮ ಪುಣ್ಯವೇನೂ ಇಲ್ಲ. ಪವಿತ್ರಾತ್ಮನು ನಮ್ಮನ್ನು ಶುದ್ಧೀಕರಿಸುವದಾದರೋ ಜೀವಮಾನವೆಲ್ಲಾ ನಡೆಯುವ ಬೇಸಾಯ. ಈ ಎರಡನ್ನು ಕಲಸಿಬಿಡುವವನು ಕಳೆಯನ್ನು ಕಂಡಾಗಲೆಲ್ಲಾ ಕ್ರಯಪತ್ರವನ್ನೇ ಸಂಶಯಪಡುವನು.

೨. ಪೌಲನ ಮೊರೆ

ರೋಮಾಪುರದವರಿಗೆ ಬರೆದ ಪತ್ರಿಕೆಯ ೭ನೆಯ ಅಧ್ಯಾಯದಲ್ಲಿ, ತಾನು ಮೆಚ್ಚುವ ಒಳ್ಳೇದನ್ನು ಮಾಡದೆ ಹಗೆಮಾಡುವ ಕೆಟ್ಟದ್ದನ್ನೇ ಮಾಡುವೆನೆಂದು ಪೌಲನು ಗೋಳಿಡುತ್ತಾನೆ. ಇದು ಅವನು ಕ್ರಿಸ್ತನನ್ನು ಅರಿಯುವ ಮುಂಚಿನ ಸ್ಥಿತಿಯೆಂದು ಕೆಲವು ವೇದಪಂಡಿತರು ಹೇಳುತ್ತಾರೆ. ವಿಶ್ವಾಸಿಯ ಸ್ಥಿತಿಯೇ ಎಂದು ಲೂಥರನೂ ಕಾಲ್ವಿನನೂ ಬೋಧಿಸಿದರು. ಅಗಸ್ಟೀನನು ಮೊದಲು ಒಂದನೆಯ ಅಭಿಪ್ರಾಯವನ್ನು ಹಿಡಿದಿದ್ದು ವಯಸ್ಸಾದ ಮೇಲೆ ಎರಡನೆಯದಕ್ಕೆ ತಿರುಗಿದನು. ಅದು ಹೇಗೇ ಇರಲಿ, ಗಲಾತ್ಯದವರಿಗೆ ೫:೧೭ರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆತ್ಮನೂ ಶರೀರಭಾವವೂ ಒಂದಕ್ಕೊಂದು ಎದುರಾಗಿರುತ್ತವೆಂದು ಅವನು ಅಲ್ಲಿ ಬರೆದದ್ದು ಸಭೆಯವರಿಗೇ.

ಆದಕಾರಣ ಹೋರಾಟವಿರುವದು ಕೃಪೆಯಿಲ್ಲದ್ದಕ್ಕೆ ಗುರುತಲ್ಲ. ಸತ್ತ ಮೀನು ಹೊಳೆಯ ಸೆಳೆತದೊಡನೆ ಹೋಗುವದು. ಜೀವವುಳ್ಳದ್ದೇ ಎದುರಾಗಿ ಈಜುವದು. ನಾವು ಪಾಪಕ್ಕಾಗಿ ನೊಂದು ಅದರೊಡನೆ ಹೋರಾಡುವದು ನಮ್ಮೊಳಗೆ ಬೇರೊಬ್ಬನು ವಾಸಮಾಡುತ್ತಾನೆಂಬದಕ್ಕೆ ಸಾಕ್ಷಿ. ಆದರೆ ಪೌಲನು ಗೋಳಿನಲ್ಲಿಯೇ ನಿಲ್ಲಲಿಲ್ಲವೆಂಬದನ್ನೂ ಗಮನಿಸಿರಿ. ಕ್ರಿಸ್ತನಲ್ಲಿರುವವರಿಗೆ ದಂಡನೆಯ ತೀರ್ಪು ಇಲ್ಲವೆಂದು ೮ನೆಯ ಅಧ್ಯಾಯವನ್ನು ಆರಂಭಿಸಿ, ಅದೇ ಅಧ್ಯಾಯದ ೧೩ನೆಯ ವಚನದಲ್ಲಿ ದೇಹದ ದುರಭ್ಯಾಸಗಳನ್ನು ಆತ್ಮನ ಬಲದಿಂದ ಸಾಯಿಸಬೇಕೆಂದು ಎಚ್ಚರಿಸುತ್ತಾನೆ. ತೀರ್ಪಿನ ಭಯವು ಹೋಯಿತು, ಕೆಲಸವು ಹೋಗಲಿಲ್ಲ.

೩. ಅಂತಿಯೋಕ್ಯದಲ್ಲಿ ಪೇತ್ರನು

ಕೋಪ, ಕುಡಿತ, ಸುಳ್ಳು ಇವು ನಮ್ಮ ಕಣ್ಣಿಗೆ ಕಾಣುವ ಪಾಪಗಳು. ಕಾಣದ ಪಾಪಗಳೂ ಉಂಟು. ಪೇತ್ರನು ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮಭರಿತನಾದವನು. ಯಾವ ಮನುಷ್ಯನನ್ನೂ ಹೊಲೆಯಾದವನೆನ್ನಬಾರದೆಂದು ದರ್ಶನದಲ್ಲಿ ಕಲಿತು ಕೊರ್ನೇಲ್ಯನ ಮನೆಗೆ ಹೋದವನು (ಅಪೊಸ್ತಲರ ಕೃತ್ಯಗಳು ೧೦). ಹೀಗಿದ್ದರೂ ಅಂತಿಯೋಕ್ಯದಲ್ಲಿ ಅನ್ಯಜನರೊಳಗಿಂದ ಬಂದ ಸಹೋದರರ ಸಂಗಡ ಉಣ್ಣುತ್ತಿದ್ದ ಅವನು, ಯಾಕೋಬನ ಕಡೆಯಿಂದ ಕೆಲವರು ಬಂದಾಗ ಅವರಿಗೆ ಅಂಜಿ ಪಂಕ್ತಿಯಿಂದ ಹಿಂಜರಿದನು. ಮಿಕ್ಕ ಯೆಹೂದ್ಯರೂ ಬಾರ್ನಬನೂ ಅವನನ್ನು ಅನುಸರಿಸಿದರು. ಪೌಲನು ಎಲ್ಲರ ಎದುರಿಗೆ ಅವನನ್ನು ಗದರಿಸಬೇಕಾಯಿತು. ಪೇತ್ರನು ಅಪೊಸ್ತಲತನವನ್ನು ಕಳಕೊಳ್ಳಲಿಲ್ಲ. ಆದರೂ ಅವನು ಅಪೊಸ್ತಲನೆಂಬ ಕಾರಣದಿಂದ ಪೌಲನು ಸುಮ್ಮನಿರಲಿಲ್ಲ.

೪. ಜಾನ್ ನ್ಯೂಟನ್ ಎಂಬವನ ನಾಲ್ವತ್ತು ವರುಷಗಳು

ಸಭೆಯ ಚರಿತ್ರೆಯಲ್ಲಿಯೂ ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವುಂಟು. ಜಾನ್ ನ್ಯೂಟನ್ ಎಂಬವನು ೧೭೨೫ರಲ್ಲಿ ಲಂಡನಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಭಕ್ತಳಾದ ತಾಯಿಯನ್ನು ಕಳಕೊಂಡು, ನಾವಿಕನಾಗಿ, ದೇವದೂಷಕನಾಗಿ ಬೆಳೆದು ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಗಳೊಡನೆ ಸೇರಿದನು. ೧೭೪೮ನೆಯ ಮಾರ್ಚ್ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗಿನಲ್ಲಿ ನೀರು ತುಂಬುತ್ತಿರಲು ಅವನು ದೇವರ ಕರುಣೆಯನ್ನು ಬೇಡಿಕೊಂಡನು. ಹಡಗು ಐರ್ಲೆಂಡಿನ ದಡವನ್ನು ಸೇರಿತು. ಆ ದಿನವನ್ನು ಅವನು ಜೀವಮಾನವೆಲ್ಲಾ ಕೃತಜ್ಞತೆಯಿಂದ ಸ್ಮರಿಸುತ್ತಿದ್ದನು.

ಆಮೇಲೆ ನಡೆದದ್ದನ್ನು ಕೇಳಿರಿ. ಅದೇ ವರುಷ ಅವನು ಗುಲಾಮರ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದನು. ೧೭೫೦ರಿಂದ ೧೭೫೪ರ ವರೆಗೆ ತಾನೇ ಕಪ್ತಾನನಾಗಿ ಮೂರು ಸಾರಿ ಪ್ರಯಾಣಮಾಡಿ, ಆಫ್ರಿಕದ ಸ್ತ್ರೀಪುರುಷರನ್ನೂ ಮಕ್ಕಳನ್ನೂ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಸಾಗಿಸಿದನು. ಆದಿತ್ಯವಾರಗಳಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡಿಸುತ್ತಿದ್ದನು. ಅದೇ ಹಡಗಿನ ಒಡಲಲ್ಲಿ ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯರು ಸಂಕೋಲೆಗಳಲ್ಲಿ ಬಿದ್ದಿದ್ದರು. ಅವನು ಸಮುದ್ರಯಾನವನ್ನು ಬಿಟ್ಟದ್ದು ರೋಗದ ಕಾರಣದಿಂದ, ಮನಸ್ಸಾಕ್ಷಿಯ ಕಾರಣದಿಂದಲ್ಲ. ೧೭೬೪ರಲ್ಲಿ ಸಭಾಪಾಲಕನಾದನು. ಆಶ್ಚರ್ಯಕರವಾದ ಕೃಪೆಯನ್ನು ಕುರಿತ ಅವನ ಕೀರ್ತನೆಯು ಅನೇಕ ದೇಶಗಳ ಕ್ರೈಸ್ತರು ಹಾಡುವಂಥದು. ಅದನ್ನು ೧೭೭೩ನೆಯ ಹೊಸ ವರುಷದ ಆರಾಧನೆಗಾಗಿ ರಚಿಸಿದನು. ಆಗಲೂ ಆ ವ್ಯಾಪಾರದ ವಿರೋಧವಾಗಿ ಅವನು ಬಹಿರಂಗವಾಗಿ ಬಾಯಿ ತೆರೆದಿರಲಿಲ್ಲ. ೧೭೮೮ರಲ್ಲಿ, ಬಿರುಗಾಳಿಯ ನಾಲ್ವತ್ತು ವರುಷಗಳ ತರುವಾಯ, ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಬಯಲುಮಾಡಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ತನ್ನ ಪಾಲನ್ನು ನಾಚಿಕೆಯಿಂದ ಒಪ್ಪಿಕೊಂಡು, ಅನಂತರ ಪಾರ್ಲಿಮೆಂಟಿನವರ ಮುಂದೆಯೂ ಸಾಕ್ಷಿ ಹೇಳಿದನು. ೧೮೦೭ರಲ್ಲಿ ಇಂಗ್ಲೆಂಡು ಆ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿತು; ಅದೇ ವರುಷದ ಡಿಸೆಂಬರಿನಲ್ಲಿ ನ್ಯೂಟನ್ ತನ್ನ ೮೨ನೆಯ ವಯಸ್ಸಿನಲ್ಲಿ ನಿದ್ರೆಹೋದನು.

ಇಷ್ಟು ತಡವಾದದ್ದು ಏಕೆ? ಆ ಕಾಲದಲ್ಲಿ ಅದು ಕಾನೂನಿಗೆ ಒಪ್ಪಿದ, ಮರ್ಯಾದಸ್ಥರು ಹಣಹಾಕುವ ವ್ಯಾಪಾರವಾಗಿತ್ತು. ಎಲ್ಲರೂ ಮಾಡುವ ಪಾಪವು ಪಾಪವೆಂದು ತೋರುವದಿಲ್ಲ. ಹಡಗಿನ ದಿನಗಳಲ್ಲಿ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿದ್ದೆನೆಂದು ಹೇಳಲಾರೆನೆಂದು ನ್ಯೂಟನ್ ತಾನೇ ಅನಂತರ ಬರೆದನು. ಆದರೂ ಅವನನ್ನು ಬಿರುಗಾಳಿಯಲ್ಲಿ ಹಿಡಿದ ಕೈ ಅವನನ್ನು ಬಿಡಲಿಲ್ಲ. ಇದರಿಂದ ನಮಗೆ ಧೈರ್ಯ ಬರಬೇಕು. ಅದರೊಡನೆ ನಡುಕವೂ ಬರಬೇಕು. ಯಾಕಂದರೆ ಅವನು ತಡಮಾಡಿದ ವರುಷಗಳಲ್ಲಿ ನೊಂದವರು ಅವನಲ್ಲ, ಸಂಕೋಲೆಯಲ್ಲಿದ್ದವರು. ನಮ್ಮ ಪಾಪವನ್ನು ದೇವರು ತಾಳಿಕೊಳ್ಳುವ ದಿನಗಳಲ್ಲಿ ಅದರ ಭಾರವನ್ನು ನಮ್ಮ ನೆರೆಯವನು ಹೊರುತ್ತಾನೆ.

೫. ನಮಗಾಗಿ ಬೋಧೆ

ಮೊದಲನೆಯದಾಗಿ, ಹೋರಾಡುವವರು ಮೇಜಿನಿಂದ ದೂರವಿರಬಾರದು. ಪಾಪವನ್ನು ಒಪ್ಪಿಕೊಂಡು ಬಿಡಲು ಮನಸ್ಸುಮಾಡಿದವನಿಗೆ ಕರ್ತನ ಭೋಜನವು ಬಲಕೊಡುವ ಬುತ್ತಿಯಾಗಿದೆ. ಗೆದ್ದುಬಂದವರಿಗೆ ಕೊಡುವ ಬಹುಮಾನವಲ್ಲ.

ಎರಡನೆಯದಾಗಿ, ಮರೆಯಾದ ಪಾಪಗಳನ್ನು ತೋರಿಸೆಂದು ಬೇಡಿಕೊಳ್ಳೋಣ. ಒಂದೇ ಪಾತ್ರೆಯಲ್ಲಿ ಪಾನಮಾಡಿದ ನಾವು ಮದುವೆಯ ಪಂಕ್ತಿಯಲ್ಲಿ ಹಳೆಯ ಕುಲವನ್ನು ನೋಡುತ್ತೇವೋ? ಸಂಬಂಧ ಬೆಳಸುವಾಗ ಅವರು ಯಾವ ಕಡೆಯವರೆಂದು ಗುಟ್ಟಾಗಿ ವಿಚಾರಿಸುತ್ತೇವೋ? ಊರಿನವರು ನಮ್ಮನ್ನು ದೂರವಿಟ್ಟಾಗ ನೊಂದ ನಾವು ನಮಗಿಂತ ಬಡವರಾದ ಸಹೋದರರನ್ನು ಅಂಗಳದಲ್ಲಿಯೇ ನಿಲ್ಲಿಸಿ ಮಾತಾಡುತ್ತೇವೋ? ಅಂತಿಯೋಕ್ಯವು ದೂರವಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ಕೈಯೆತ್ತುವದನ್ನೂ, ಕೂಲಿಯವರಿಗೆ ಕಡಿಮೆ ಅಳೆಯುವದನ್ನೂ ಊರ ವಾಡಿಕೆಯೆಂದು ಬಿಟ್ಟಿದ್ದೇವೋ?

ಮೂರನೆಯದಾಗಿ, ಒಂಟಿಯಾಗಿ ಹೋರಾಡಬೇಡಿರಿ. ಒಬ್ಬರಿಗೊಬ್ಬರು ಪಾಪವನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದು ಯಾಕೋಬನು ಬೋಧಿಸುತ್ತಾನೆ (೫:೧೬). ಕುಡಿತದೊಡನೆ ಹೋರಾಡುವ ಸಹೋದರನಿಗೆ ಸಂತೆಯ ದಿನ ಜೊತೆಯಾಗಿ ಹೋಗಿ ಜೊತೆಯಾಗಿ ಮನೆಗೆ ಬರುವ ಒಬ್ಬನು ಬೇಕು. ಅನ್ಯಾಯಮಾಡಿದವನು ಜಕ್ಕಾಯನಂತೆ ಹಿಂದಕ್ಕೆ ಕೊಡಲಿ. ಬಿದ್ದವನು ಏಳಲಿ, ಎತ್ತುವವನು ತಾನೂ ಬೀಳಬಹುದೆಂದು ನೆನಸಿ ಸಾತ್ವಿಕತೆಯಿಂದ ಎತ್ತಲಿ.

ನಮ್ಮಲ್ಲಿ ಒಳ್ಳೇ ಕಾರ್ಯವನ್ನು ಆರಂಭಿಸಿದ ದೇವರು ಅದನ್ನು ಪೂರೈಸುವನೆಂಬ ಭರವಸವು ಪೌಲನಿಗಿತ್ತು (ಫಿಲಿಪ್ಪಿ ೧:೬). ಆ ಭರವಸದಿಂದಲೇ ನಾವೂ ಈ ತಿಂಗಳ ಕಳೆಯನ್ನು ಈ ತಿಂಗಳೇ ಕೀಳೋಣ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನೀತಿವಂತರೆಂಬ ನಿರ್ಣಯಕ್ಕೂ ಶುದ್ಧೀಕರಣಕ್ಕೂ ಇರುವ ಭೇದವೇನು?
೨. ಅಂತಿಯೋಕ್ಯದಲ್ಲಿ ಪೇತ್ರನು ಯಾರಿಗೆ ಅಂಜಿದನು? ನಾವು ಯಾರಿಗೆ ಅಂಜುತ್ತೇವೆ?
೩. ನ್ಯೂಟನ್ ತನ್ನ ಪಾಪವನ್ನು ಕಾಣಲು ಏಕೆ ತಡವಾಯಿತು?
೪. ನಮ್ಮ ಸಭೆಯಲ್ಲಿ ವಾಡಿಕೆಯೆಂದು ಬಿಟ್ಟಿರುವ ಪಾಪ ಯಾವದು? ಅದರಿಂದ ನೋಯುವವರು ಯಾರು?