ಮನೆಯಲ್ಲಿ ಕೇಳುತ್ತದೆ, ಸಭೆಯಲ್ಲಿ ಕೇಳುವುದಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 74 ವರ್ಷ, ನಿವೃತ್ತ ಮೇಷ್ಟ್ರು. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಸಿದ್ದೇವೆ. ಮನೆಯಲ್ಲಿ ನಮ್ಮ ಮಾತು ಚೆನ್ನಾಗಿಯೇ ಕೇಳುತ್ತದೆ. ಪ್ರವಚನಕ್ಕೋ ತಾಳಮದ್ದಳೆಗೋ ಕರೆದುಕೊಂಡು ಹೋದರೆ ಮಾತ್ರ ‘ಬರೀ ಗದ್ದಲ, ಒಂದು ಮಾತೂ ತಿಳಿಯಲಿಲ್ಲ’ ಎನ್ನುತ್ತಾರೆ. ಈಗ ಹೋಗುವುದನ್ನೇ ಬಿಟ್ಟಿದ್ದಾರೆ. ಇನ್ನೂ ದುಬಾರಿ ಮಿಷನ್ ಕೊಡಿಸಬೇಕೇ?
– ಒಬ್ಬ ಮಗಳು, ಸಾಗರ

ಉತ್ತರ: ದುಡ್ಡು ಹಾಕುವ ಮೊದಲು ಸ್ವಲ್ಪ ತಡೆಯಿರಿ. ನಿಮ್ಮ ತಂದೆಯ ದೂರು ಸತ್ಯವಾದದ್ದು, ಅದಕ್ಕೆ ಮಿಷನ್ ಒಂದೇ ಕಾರಣವಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಧ್ವನಿಗಳನ್ನು. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರುತ್ತವೆ. ‘ಕಾಲು’ ಎಂದರೂ ‘ಪಾಲು’ ಎಂದರೂ ಒಂದೇ ಥರ ಕೇಳುತ್ತದೆ. ಶ್ರವಣ ಸಾಧನ ಇದನ್ನು ಬಹುಮಟ್ಟಿಗೆ ಸರಿಪಡಿಸುವುದು ಮಾತನಾಡುವವರು ಒಂದೆರಡು ಮೀಟರ್ ಒಳಗಿದ್ದಾಗ. ಸಭಾಂಗಣದಲ್ಲಿ ಸಾಧನದ ಮೈಕ್ ಇರುವುದು ನಿಮ್ಮ ತಂದೆಯ ಕಿವಿಯ ಬಳಿ, ಭಾಗವತರ ಬಾಯಿಯ ಬಳಿ ಅಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಧ್ವನಿ 6 ಡೆಸಿಬೆಲ್ ಕುಗ್ಗುತ್ತದೆ. ಒಳಾಂಗಣದಲ್ಲಿ ಅದರ ಜೊತೆಗೆ ಗೋಡೆಯ ಪ್ರತಿಧ್ವನಿ, ಫ್ಯಾನಿನ ಸದ್ದು, ಪಕ್ಕದವರ ಕೆಮ್ಮು ಎಲ್ಲವೂ ಸೇರಿ ದೊಡ್ಡದಾಗಿ ಕಿವಿಗೆ ಬರುತ್ತದೆ.

ಇದಕ್ಕೆ ಮದ್ದು ದೂರವನ್ನು ಇಲ್ಲದಂತೆ ಮಾಡುವುದು. ವೇದಿಕೆಯ ಮೈಕಿನ ಧ್ವನಿ ನೇರವಾಗಿ ಸಾಧನದೊಳಕ್ಕೇ ಬರಬೇಕು. ಅದಕ್ಕೆ ಹಳೆಯ, ಇಂದಿಗೂ ನಂಬಬಹುದಾದ ದಾರಿ ಇಂಡಕ್ಷನ್ ಲೂಪ್. ಸಭಾಂಗಣದ ನೆಲದಲ್ಲಿ ಸುತ್ತಲೂ ತಂತಿ ಎಳೆದಿರುತ್ತಾರೆ. ಧ್ವನಿಗೆ ತಕ್ಕಂತೆ ಅದರಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಸಾಧನದೊಳಗಿನ ‘ಟೆಲಿಕಾಯಿಲ್’ ಎಂಬ ಪುಟ್ಟ ಸುರುಳಿ ಅದನ್ನು ಹಿಡಿದು ಮತ್ತೆ ಧ್ವನಿಯಾಗಿಸುತ್ತದೆ. ಸಾಧನ ಯಾವ ಕಂಪನಿಯದಾದರೂ ಸರಿ, ಕೊರಳಿಗೆ ಬೇರೇನೂ ಹಾಕಿಕೊಳ್ಳಬೇಕಿಲ್ಲ. ಬ್ರಿಟನ್ನಿನ ಚರ್ಚು, ನಾಟಕಮಂದಿರ, ಟಿಕೆಟ್ ಕೌಂಟರುಗಳಲ್ಲಿ ಕಿವಿಯ ಚಿತ್ರದ ಪಕ್ಕ ‘ಟಿ’ ಅಕ್ಷರವಿರುವ ಫಲಕ ಸಾಮಾನ್ಯ. ನಮ್ಮಲ್ಲಿ ಅಪರೂಪ. ಹೀಗಾಗಬಾರದಿತ್ತು ಎಂದೇ ನನ್ನ ಅನಿಸಿಕೆ.

ಈಗ ನೀವು ಮಾಡಬೇಕಾದ್ದು: ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿಸಿ. ಆಮೇಲೆ ಆಡಿಯಾಲಜಿಸ್ಟರನ್ನು ‘ಇದರಲ್ಲಿ ಟೆಲಿಕಾಯಿಲ್ ಇದೆಯೇ, ಅದನ್ನು ಚಾಲೂ ಮಾಡಿದ್ದೀರಾ?’ ಎಂದು ಬಾಯಿಬಿಟ್ಟು ಕೇಳಿ. ಎಷ್ಟೋ ಸಾಧನಗಳಲ್ಲಿ ಅದು ಇದ್ದೂ ನಿದ್ದೆಯಲ್ಲಿರುತ್ತದೆ. ತೀರಾ ಚಿಕ್ಕ ಸಾಧನಗಳಲ್ಲಿ ಇರದೆಯೂ ಇರಬಹುದು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವ ಅನುಕೂಲವಿದ್ದರೆ ಅಲ್ಲಿಯೂ ವಿಚಾರಿಸಬಹುದು. ಲೂಪ್ ಇಲ್ಲದ ಸಭೆಗಳಿಗೆ ರಿಮೋಟ್ ಮೈಕ್ ಉಂಟು. ಭಾಷಣಕಾರರ ಕಾಲರಿಗೆ, ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಅವರ ದನಿ ನಿಸ್ತಂತುವಾಗಿ ತಂದೆಯವರ ಸಾಧನಕ್ಕೆ ಬರುತ್ತದೆ. ಅವರ ಸಾಧನಕ್ಕೆ ಹೊಂದುವಂಥದ್ದನ್ನೇ ಕೊಳ್ಳಬೇಕು.

ಮುಂದೆ ಹೊಸ ಸಾಧನ ಕೊಳ್ಳುವಾಗ ಟೆಲಿಕಾಯಿಲ್ ಜೊತೆಗೆ ‘ಆರಾಕಾಸ್ಟ್’ ಎಂಬ ಬ್ಲೂಟೂತ್ ಪ್ರಸಾರ ಸೌಲಭ್ಯ ಕೂಡ ಇರುವಂಥದ್ದನ್ನು ಕೇಳಿ. ಸಾಮಾನ್ಯ ಬ್ಲೂಟೂತ್ ನಿಮ್ಮ ಫೋನಿನ ಜೊತೆಗಷ್ಟೇ ಮಾತನಾಡುತ್ತದೆ. 2022ರಲ್ಲಿ ಘೋಷಿಸಲಾದ ಆರಾಕಾಸ್ಟ್ ಒಂದೇ ಪ್ರಸಾರವನ್ನು ಸಭೆಯಲ್ಲಿರುವ ಎಲ್ಲರ ಸಾಧನಗಳಿಗೂ ತಲುಪಿಸಬಲ್ಲದು. ಅದು ಎಲ್ಲೆಡೆ ಬರುವವರೆಗೆ ಟೆಲಿಕಾಯಿಲ್ ಕೈಬಿಡಬೇಡಿ.

ತಂದೆಯವರು ಮನೆಯಲ್ಲೇ ಉಳಿಯುವುದನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಮರೆಗುಳಿತನದ ಅಪಾಯಗಳಲ್ಲಿ ನಾವು ತಡೆಯಬಹುದಾದವುಗಳ ಪಟ್ಟಿಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲೇ ಶ್ರವಣದೋಷವನ್ನು ಸೇರಿಸಿದೆ.

ಪ್ರಶ್ನೆ: ನಮ್ಮೂರ ಸಮುದಾಯ ಭವನಕ್ಕೆ ಬರುವ ಹಿರಿಯರು ಭಾಷಣ ಕೇಳುವುದಿಲ್ಲ ಎನ್ನುತ್ತಾರೆ. ಇನ್ನೆರಡು ದೊಡ್ಡ ಸ್ಪೀಕರ್ ಹಾಕಿಸಿದರೆ ಸಾಲದೇ?
– ಭವನ ಸಮಿತಿಯ ಸದಸ್ಯ, ತೀರ್ಥಹಳ್ಳಿ

ಉತ್ತರ: ಸಾಲದು, ಇನ್ನೂ ಕೆಡಬಹುದು. ಸ್ಪೀಕರ್ ಜೋರಾದಂತೆ ಪ್ರತಿಧ್ವನಿಯೂ ಜೋರಾಗುತ್ತದೆ. ಒಳಕಿವಿ ಸವೆದವರಿಗೆ ಸಣ್ಣ ದನಿ ಕೇಳದಿದ್ದರೂ ದೊಡ್ಡ ಸದ್ದು ನಮಗಿಂತ ಬೇಗ ನೋವು ಕೊಡುತ್ತದೆ.

ಅದರ ಬದಲು ಮೇಲಿನ ಉತ್ತರದಲ್ಲಿ ಹೇಳಿದ ಇಂಡಕ್ಷನ್ ಲೂಪ್ ಹಾಕಿಸಿ. ನಿಮ್ಮ ಮಿಕ್ಸರಿನಿಂದಲೇ ಲೂಪಿಗೆ ಧ್ವನಿ ಕೊಡಬಹುದು. ನೆಲದಲ್ಲಿ ಕಬ್ಬಿಣದ ಸರಳು ಹೆಚ್ಚಿದ್ದರೆ ಕಾಂತಕ್ಷೇತ್ರ ಕುಗ್ಗುತ್ತದೆ. ಹಾಗಾಗಿ ಐಇಸಿ 60118-4 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅಳೆದು ಕೊಡುವವರಿಗೇ ಕೆಲಸ ಒಪ್ಪಿಸಿ. ಇನ್‌ಫ್ರಾರೆಡ್, ಎಫ್‌ಎಂ ವ್ಯವಸ್ಥೆಗಳೂ ಇವೆ. ಅವುಗಳಿಗೆ ಬಂದವರಿಗೆಲ್ಲ ರಿಸೀವರ್ ಹಂಚಬೇಕು, ವಾಪಸ್ ಪಡೆಯಬೇಕು, ಚಾರ್ಜ್ ಮಾಡಿಡಬೇಕು. ಸಣ್ಣ ಸಮಿತಿಗೆ ಇದು ಕಷ್ಟ. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೂ ಬಳಸಲು ಯೋಗ್ಯವಾಗಿರಬೇಕು ಎಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಹೇಳುತ್ತದೆ. ರ‍್ಯಾಂಪ್ ಕಟ್ಟಿಸುವಾಗ ನೆನಪಾಗುವ ಆ ಕಾಯಿದೆ ಧ್ವನಿಯ ವಿಷಯದಲ್ಲೂ ನೆನಪಾಗಲಿ.

ಬಾಗಿಲಲ್ಲಿ ಫಲಕ ಹಾಕಿ, ಲೂಪ್ ಚಾಲೂ ಮಾಡುವ ಹೊಣೆ ಒಬ್ಬರಿಗೆ ವಹಿಸಿ. ಅಳವಡಿಸಿದ ದಿನ ಟೆಲಿಕಾಯಿಲ್ ಇರುವ ಸಾಧನ ಹಾಕಿಕೊಳ್ಳುವ ನಾಲ್ವರು ಹಿರಿಯರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿ, ಯಾರಾದರೂ ಪತ್ರಿಕೆ ಓದಲಿ. ಮಾತು ತಿಳಿಯಿತು ಎಂದು ಆ ನಾಲ್ವರೂ ಹೇಳಿದ ಮೇಲೆ ಗುತ್ತಿಗೆದಾರರ ಬಾಕಿ ಹಣ ಕೊಡಿ.