ಬಾವಿಯ ತಳಕ್ಕೆ ಬಿಸಿಲು ಬೀಳುವುದು ಯಾವಾಗ?

ಮಕ್ಕಳೇ, ನೀರು ಸೇದುವಾಗ ಹಗ್ಗ ಜಾರಿ ಕೊಡಪಾನ ಬಾವಿಗೆ ಬಿತ್ತು ಎಂದಿಟ್ಟುಕೊಳ್ಳಿ. ಪಾತಾಳಗರಡಿ ಇಳಿಸಿ ಅದನ್ನು ಎತ್ತಬೇಕು. ಆದರೆ ಕೊಡ ಎಲ್ಲಿದೆ ಎಂದು ಮೊದಲು ಕಾಣಬೇಕಲ್ಲವೇ? ಬೆಳಿಗ್ಗೆ ನೋಡಿದರೆ ಒಳಗೆ ಬರೀ ಕತ್ತಲು. ಆಗ ಹಿರಿಯರು, "ಸ್ವಲ್ಪ ತಡೆಯಿರಿ, ಸೂರ್ಯ ನೆತ್ತಿಗೆ ಬರಲಿ" ಎನ್ನುತ್ತಾರೆ. ಈ ಮಾತಿನಲ್ಲಿ ಒಳ್ಳೆಯ ವಿಜ್ಞಾನವಿದೆ.

ಮಂಗಳೂರಿನ ಉರ್ವದಲ್ಲಿ ಮುರಕಲ್ಲಿನ ನೆಲವನ್ನು ಕಡಿದು ತೋಡಿದ ಒಂದು ದುಂಡನೆಯ ಬಾವಿಯನ್ನು ಕಲ್ಪಿಸಿಕೊಳ್ಳೋಣ. ಅದರ ಅಗಲ 2 ಮೀಟರ್. ಕಟ್ಟೆಯ ಮೇಲ್ತುದಿಯಿಂದ ನೀರಿನವರೆಗೆ 10 ಮೀಟರ್. ಬೆಳಕು ನೇರವಾಗಿ ಚಲಿಸುತ್ತದೆ. ಆದ್ದರಿಂದ ಸೂರ್ಯ ಓರೆಯಾಗಿದ್ದರೆ ಬಿಸಿಲು ಒಂದು ಬದಿಯ ಗೋಡೆಗೆ ಬಡಿದು ಅಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ದಿನವೂ ಮಧ್ಯಾಹ್ನ ತಳಕ್ಕೆ ಬಿಸಿಲು ಬೀಳಬೇಕಲ್ಲವೇ? ಇಲ್ಲ! ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ನಡುಹಗಲ ಸೂರ್ಯನ ಸ್ಥಾನ ವರ್ಷವಿಡೀ ಬದಲಾಗುತ್ತದೆ. ನಮ್ಮ ಬಾವಿಯಲ್ಲಿ ನಡುಹಗಲಿನ ಲೆಕ್ಕ ಹೀಗಿದೆ:

ಡಿಸೆಂಬರ್ 22: ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ಸರಿದಿರುತ್ತಾನೆ. ಬಿಸಿಲು ಇಳಿಯುವುದು 2.7 ಮೀಟರ್ ಮಾತ್ರ.

ಮಾರ್ಚ್ 21: ಸೂರ್ಯ ದಕ್ಷಿಣಕ್ಕೆ ಸುಮಾರು 13 ಡಿಗ್ರಿ. ಬಿಸಿಲು 8.7 ಮೀಟರ್ ಇಳಿಯುತ್ತದೆ. ನೀರು ಮುಟ್ಟಲು ಇನ್ನೂ ಸ್ವಲ್ಪ ಬಾಕಿ!

ಏಪ್ರಿಲ್ 24ರ ಸುಮಾರಿಗೆ: ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ನೀರೆಲ್ಲ ಫಳಫಳ ಹೊಳೆಯುತ್ತದೆ.

ಅಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣುವುದಿಲ್ಲ. ಇದೇ ಶೂನ್ಯ ನೆರಳಿನ ದಿನ. ಮಂಗಳೂರಿಗೆ ಇದು ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಬರುತ್ತದೆ. ಆದರೆ ಆಗ ಮಳೆಗಾಲ. ಮೋಡ ಸರಿದರೆ ನಮ್ಮ ಅದೃಷ್ಟ!

ಗಡಿಯಾರವನ್ನೂ ಗಮನಿಸಿ. ಏಪ್ರಿಲ್ 24ರಂದು ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, ಸುಮಾರು 12 ಗಂಟೆ 29 ನಿಮಿಷಕ್ಕೆ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಮಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ, ಸೂರ್ಯ ಇಲ್ಲಿಗೆ ತಡವಾಗಿ ಬರುತ್ತಾನೆ. ಬೆಂಗಳೂರಿನಲ್ಲಿ ಇದಕ್ಕಿಂತ 11 ನಿಮಿಷ ಮೊದಲೇ ನಡುಹಗಲು.

ಸುಮಾರು 2200 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ವಿದ್ವಾಂಸ ಇಂಥದೇ ಸಂಗತಿಯನ್ನು ಬಳಸಿ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಈಜಿಪ್ಟಿನ ಸಯೀನ್ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿನ ನಡುಹೊತ್ತಿಗೆ ಬಾವಿಯ ತಳಕ್ಕೆ ಬಿಸಿಲು ಬೀಳುತ್ತದೆ ಎಂದು ಅವನು ಕೇಳಿದ್ದ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ಭೂಮಿ ಗುಂಡಗಿರುವುದೇ ಇದಕ್ಕೆ ಕಾರಣ.

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಆಂಟೆಲೋಪ್ ಎಂಬ ಇಕ್ಕಟ್ಟಾದ ಕಣಿವೆಯಿದೆ. ಅಲ್ಲಿಗೂ ಪ್ರವಾಸಿಗರು ಬೇಸಿಗೆಯ ನಡುಹಗಲನ್ನು ನೋಡಿಯೇ ಹೋಗುತ್ತಾರೆ. ಆಗ ಮಾತ್ರ ಮೇಲಿನ ಸೀಳಿನಿಂದ ಬೆಳಕಿನ ಕೋಲು ನೆಲದವರೆಗೆ ಇಳಿಯುತ್ತದೆ. ಬಾವಿಗೂ ಕಣಿವೆಗೂ ನಿಯಮ ಒಂದೇ.

ಮಾಡಿ ನೋಡಿ

ದಪ್ಪ ಕಾಗದವನ್ನು ಸುತ್ತಿ 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಕೊಳವೆ ಮಾಡಿ. ಇದು ನಮ್ಮ ಬಾವಿಯ ಪುಟ್ಟ ಮಾದರಿ. ಬೇಸಿಗೆ ರಜೆಯಲ್ಲಿ, ಏಪ್ರಿಲ್ 24ರ ಆಸುಪಾಸಿನಲ್ಲಿ, ಅಂಗಳದ ಸಮತಟ್ಟಾದ ಜಾಗದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ. 11 ಗಂಟೆಯಿಂದ 2 ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ಒಳಗೆ ನೋಡಿ. ಬಿಸಿಲು ತಳ ಮುಟ್ಟಿದ್ದು ಎಷ್ಟು ಹೊತ್ತಿಗೆ? ತಳ ಬಿಟ್ಟಿದ್ದು ಎಷ್ಟು ಹೊತ್ತಿಗೆ? ಬರೆದಿಡಿ. ಸುಮಾರು ಒಂದೂವರೆ ಗಂಟೆ ಬರಬೇಕು. ಡಿಸೆಂಬರಿನಲ್ಲಿ ಮತ್ತೆ ಮಾಡಿ, ಹೋಲಿಸಿ.

ಎಚ್ಚರಿಕೆ: ಸೂರ್ಯನನ್ನು ನೇರವಾಗಿ ನೋಡಬೇಡಿ. ನಿಜವಾದ ಬಾವಿಗೆ ಬಗ್ಗಬೇಡಿ. ದೊಡ್ಡವರ ಜೊತೆಯಲ್ಲಿ, ಎತ್ತರದ ಕಟ್ಟೆಯಿದ್ದರೆ ಮಾತ್ರ ದೂರದಿಂದ ನೋಡಿ.

ಯೋಚಿಸಿ: ಬಾವಿ ಇನ್ನೂ ಆಳವಾಗಿದ್ದರೆ ಬಿಸಿಲು ತಳದಲ್ಲಿ ಹೆಚ್ಚು ಹೊತ್ತು ಇರುವುದೋ, ಕಡಿಮೆ ಹೊತ್ತೋ?